ಡ್ರೈವಿಂಗ್ ಮೇಡಮ್ಮಿನ ಎಡಗಡೆ

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ನಾನು. "ಎಡಕ್ಕೆ ನೋಡಿ" ಎಂದು ಅರಚಿ ಅರಚಿ ಗಂಟಲು ಹರಿದುಕೊಂಡವಳು. ಮೆದುಳಿನ ರಕ್ತನಾಳ ಒಡೆದದ್ದು ಮಾತ್ರ ರಸ್ತೆಯಲ್ಲಲ್ಲ, ಮನೆಯಲ್ಲಿ ದಿಂಬಿಗೆ ಕವರ್ ಹಾಕುವಾಗ. ದಿಂಬಿನೊಡನೆ ಹೋರಾಡಿ ಆಸ್ಪತ್ರೆ ಸೇರಿದೆ ಎಂದು ಹೇಳಿಕೊಳ್ಳಲೂ ನಾಚಿಕೆ.

ಕೆಲವು ತಿಂಗಳ ನಂತರ ತಪಾಸಣೆಗೆ ಹೋದೆವು. ನಮ್ಮ ಮಗಳ ವಯಸ್ಸಿನ ಡಾಕ್ಟರು ಸ್ಕ್ಯಾನ್ ನೋಡಿ, ರಕ್ತವೆಲ್ಲ ಕರಗಿದೆ ಎಂದರು. ನೆಟ್ಟಗೆ ನಡೆಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು. ಸಲೀಸಾಗಿ ಮಾಡಿ, ರ‍್ಯಾಂಕು ಬಂದವಳಂತೆ ಯಜಮಾನರ ಕಡೆ ನೋಡಿದೆ. ಆಮೇಲೆ ಡಾಕ್ಟರು ಎದುರಿಗೆ ಕೂತು, ನಾನು ದೃಷ್ಟಿ ಕದಲಿಸದೆ ಅವರ ಮೂಗನ್ನೇ ನೋಡುತ್ತ, ಬದಿಯಲ್ಲಿ ಅವರ ಬೆರಳು ಅಲ್ಲಾಡಿದಾಗ ಹೇಳಬೇಕೆಂದರು. ಬಲಗಡೆ ಥಟ್ಟನೆ ಹೇಳಿದೆ. ಎಡಗಡೆಗೆ ಕಾದೆ, ಕಾದೆ.

"ಶುರು ಮಾಡಿ ಡಾಕ್ಟ್ರೇ," ಎಂದೆ.

"ಮುಗೀತಲ್ಲಮ್ಮಾ."

ಎರಡು ಕಣ್ಣಿಗೂ ಎಡಭಾಗ ಕಾಣುತ್ತಿರಲಿಲ್ಲ. ಮನೆಯ ಬಾಗಿಲು ಭುಜಕ್ಕೆ ಬಡಿದಾಗ ಬಡಗಿಯನ್ನು ಬೈದಿದ್ದೆ. ಯಜಮಾನರು ಬೆಕ್ಕಿನಂತೆ ಪಕ್ಕಕ್ಕೆ ಬರುತ್ತಾರೆಂದು ಅವರನ್ನೂ ಬೈದಿದ್ದೆ. ಅವರೀಗ ಮೆಲ್ಲಗೆ ಬಾಯಿಬಿಟ್ಟರು: "ಇವ್ಳು ಆ ಕಡೆ ಎಡವ್ತಾಳೆ ಅಂತ ಗೊತ್ತಾಗಿತ್ತು ಡಾಕ್ಟ್ರೇ. ಹೇಳಿದ್ರೆ ಕೇಳೋಳಲ್ಲ. ಅದಕ್ಕೇ ಎಡಗಡೆ ನಾನೇ ನಡೀತಿದ್ದೆ."

ಬೈದದ್ದಕ್ಕೆ ತಪ್ಪಾಯಿತು ಎಂದೆ. ಅಂಥದ್ದು ನಮ್ಮ ಮದುವೆಯಲ್ಲಿ ಅಪರೂಪ.

ಮುಂದಿನ ತಪಾಸಣೆಯವರೆಗೆ ಸ್ಟೇರಿಂಗ್ ಮುಟ್ಟಕೂಡದೆಂದರು ಡಾಕ್ಟರು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನನ್ನ ಶಿಷ್ಯ, ಅಂದರೆ ಯಜಮಾನರು, ನಮ್ಮ ಕಲಿಕೆಯ ಕಾರಿನಲ್ಲೇ ನನ್ನನ್ನು ಮನೆಗೆ ಕರೆತಂದರು. ಕಲಿಸುವವರ ಸೀಟಿನ ಮುಂದಿರುವ ಬ್ರೇಕನ್ನು ನಾನು ಸುಮ್ಮನೆ ಬಿಡಲಾರದೆ ಒತ್ತಿದ್ದಕ್ಕೆ, ವೃತ್ತದ ನಟ್ಟನಡುವೆ ಕಾರು ನಿಂತಿತು. ಹಿಂದಿದ್ದ ಬಸ್ಸಿನ ಡ್ರೈವರು ಹೊರಗೆ ತಲೆಹಾಕಿ, "ಮೊದ್ಲು ಯಾರ್ ಹತ್ರಾದ್ರೂ ಹೋಗಿ ಕಲ್ತ್ಕೊಳ್ಳಿ," ಎಂದ. ಯಜಮಾನರು ನಗು ತಡೆದುಕೊಂಡದ್ದು ನನಗೆ ಚೆನ್ನಾಗಿಯೇ ಕಂಡಿತು. ಅವರು ಬಲಗಡೆ ಕೂತಿದ್ದರು.

ಮುಂದಿನ ತಪಾಸಣೆಯಲ್ಲೂ ಹೆಚ್ಚಿನ ಬದಲಾವಣೆ ಇರಲಿಲ್ಲ. ದೃಷ್ಟಿ ಇನ್ನು ಇಷ್ಟೇ ಇರಬಹುದೆಂದರು ಡಾಕ್ಟರು. ಆ ದಿನ ಕಾರಿನಲ್ಲಿ ಸ್ವಲ್ಪ ಅತ್ತೆ. ಕಾರಿನ ಕೀಲಿಕೈಯನ್ನೂ ಓಡಿಸಲು ಕಲಿಸುವ ಕೆಲಸವನ್ನೂ ನಾದಿನಿಗೆ ಕೊಟ್ಟು, ರಸ್ತೆ ನಿಯಮದ ಪಾಠವನ್ನು ನಾನಿಟ್ಟುಕೊಂಡೆ.

ಮೊದಲ ದಿನವೇ ಭರ್ಜರಿ ಪಾಠ ಮಾಡಿದೆ. ಕೊನೆಗೆ ಒಬ್ಬ ಹೆಂಗಸು, "ಮೇಡಂ, ನಮ್ ಕಡೆ ಒಂದ್ಸಲಾನೂ ನೋಡ್ಲಿಲ್ವಲ್ಲ?" ಎಂದಳು. ತಲೆ ತಿರುಗಿಸಿದೆ. ಎಡಗಡೆಯ ಬೆಂಚುಗಳ ತುಂಬ ಜನ. ಕುರ್ಚಿಯನ್ನು ಎಡಗಡೆಯ ಗೋಡೆಯ ಬದಿಗೆ ಎಳೆದುಕೊಂಡು, ಎಲ್ಲರೂ ಬಲಕ್ಕೆ ಬರುವಂತೆ ಕೂತು, ಮೊದಲಿನಿಂದ ಶುರು ಮಾಡಿದೆ.