ವಿಭೂತಿ ಡಬ್ಬಿಯ ನಾಲ್ಕು ಗಾಜು

ಗುರುಸಿದ್ದಪ್ಪನವರಿಗೆ ಫೋಟೋ ತೋರಿಸಿದರೆ ಎರಡೇ ಉತ್ತರ. ಒಂದು, ಏನೂ ಹೇಳದೆ ವಾಪಸು ಕೊಡುವುದು. ಅದು ಹೊಗಳಿಕೆ. ಇನ್ನೊಂದು, ‘ಥೂ’. ಹದಿನಾಲ್ಕು ವರ್ಷದ ಒಡನಾಟದಲ್ಲಿ ನನಗೆ ಹೊಗಳಿಕೆ ಸಿಕ್ಕಿದ್ದು ಎರಡು ಸಲ. ಉಳಿದದ್ದೆಲ್ಲ ಥೂ. ಅದೂ ಸುಮ್ಮನೆ ಬಾಯಿಮಾತಿನ ಥೂ ಅಲ್ಲ. ಚಾಮರಾಜಪೇಟೆಯ ಅವರ ಮನೆ ತಾರಸಿಯಲ್ಲಿ, ಪತ್ರೆ ಗಿಡದ ಕುಂಡದ ಕಡೆ ಮುಖ ತಿರುಗಿಸಿ, ಕುಡಿಯುವ ಹಾಲಲ್ಲಿ ಜಿರಳೆ ಕಂಡವರ ಹಾಗೆ ಹೇಳುವ ಥೂ.

ಅವರ ಎಡಗೆನ್ನೆಯ ಮೇಲೊಂದು ಹುಟ್ಟುಮಚ್ಚೆ. ವೀಳ್ಯದೆಲೆಯಷ್ಟು ಅಗಲ, ಇಟ್ಟಿಗೆ ಬಣ್ಣ. ಕಣ್ಣಿನ ಕೆಳಗಿಂದ ದವಡೆಯವರೆಗೆ. ಮೊದಲ ಸಲ ನೋಡಿದವರು, ತಾವು ಅದನ್ನು ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಅವರ ಬಲಕಿವಿಯನ್ನೇ ನೋಡುತ್ತಾ ಮಾತಾಡುತ್ತಾರೆ. ನಾನೂ ಹಾಗೇ ಮಾಡಿದೆ.

“ಏನಯ್ಯಾ, ನನ್ನ ಕಿವೀಲಿ ಟಿವಿ ಬರ್ತಿದ್ಯಾ?” ಅಂದರು.

ಆಮೇಲೆ ಒಳಗಿಂದ ಒಂದು ಹಳೆಯ ತಗಡಿನ ಡಬ್ಬಿ ತಂದರು. ಹಿಂದೆ ವಿಭೂತಿ ಗಟ್ಟಿ ಇಡುತ್ತಿದ್ದ ಡಬ್ಬಿ. ಅದರಲ್ಲಿ ಲೆನ್ಸಿಗೆ ತಿರುಗಿಸಿ ಹಾಕುವ ನಾಲ್ಕು ಬಣ್ಣದ ಗಾಜು: ಕೆಂಪು, ಕಿತ್ತಳೆ, ಹಳದಿ, ಹಸಿರು. ಕಪ್ಪು-ಬಿಳುಪು ರೀಲಿನ ಕಾಲದವು. ಡಬ್ಬಿಯ ಮೂಲೆಯಲ್ಲಿ ಇನ್ನೂ ಬೂದಿ ಇತ್ತು. ಪಂಚೆ ಚುಂಗಿನಲ್ಲಿ ಕೆಂಪು ಗಾಜು ಒರೆಸಿ ನನ್ನ ಕೈಗೆ ಕೊಟ್ಟರು. “ಕಣ್ಣಿಗೆ ಹಿಡಿ. ನನ್ನ ನೋಡು.”

ಹಿಡಿದೆ. ಮಚ್ಚೆ ಇಲ್ಲ! ಗುರುಸಿದ್ದಪ್ಪನವರ ಕೆನ್ನೆ ಮದುವೆ ಗಂಡಿನ ಕೆನ್ನೆಯಾಗಿತ್ತು. ಹಸಿರು ಗಾಜು ಹಿಡಿದೆ. ಅದೇ ಮಚ್ಚೆ, ಹೊತ್ತಿದ ರೊಟ್ಟಿಯ ಹಾಗೆ ಕಪ್ಪಗೆ ಎದ್ದು ಕೂತಿತ್ತು.

“ಎರಡೂ ನಾನೇ. ಯಾವ ಗಾಜು ಅಂತ ಎದುರಿಗೆ ಕೂತಾಗ್ಲೇ ಹೇಳ್ಬೇಕು. ಮನೆಗೋಗಿ ಹೇಳೋದಲ್ಲ.”

ಅವರು ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದವರು. ಗಿರಾಕಿ ಒಂದು ಸೀರೆಯನ್ನು ಮೆಚ್ಚಿದರೆ ಅಂಗಡಿಯ ದೀಪದಲ್ಲಿ ಕೊಡುತ್ತಿರಲಿಲ್ಲವಂತೆ. “ಬೀದಿಗೆ ಬನ್ನಿ ತಾಯಿ, ಬಿಸಿಲಲ್ಲಿ ನೋಡಿ, ಆಮೇಲೆ ಬೇಕಾದ್ರೆ ತಗೊಳ್ಳಿ” ಎಂದು ಸೀರೆ ಹೆಗಲಿಗೆ ಹಾಕಿಕೊಂಡು ತಾವೇ ಆಚೆ ಬರುತ್ತಿದ್ದರು. ಅರ್ಧ ಗಿರಾಕಿಗಳು ಬಿಸಿಲಲ್ಲಿ ಬಣ್ಣ ಕಂಡು ಹೊರಟೇ ಹೋಗುತ್ತಿದ್ದರು. ಇದನ್ನು ಹೇಳಿದವರು ಅವರ ಹೆಂಡತಿ ಶಾಂತಮ್ಮ, ಮೆಚ್ಚಿಕೊಂಡೇನಲ್ಲ.

ಫೋಟೋ ತೆಗೆಯುವುದೂ ಅದೇ ರೀತಿ. ನಾಲ್ಕೂ ಗಾಜನ್ನು ಒಂದಾದ ಮೇಲೊಂದು ಕಣ್ಣಿಗೆ ಹಿಡಿದು ಎದುರಿಗಿದ್ದವರ ಮುಖವನ್ನು ಹತ್ತು ನಿಮಿಷ ನೋಡುವುದು. ಒಂದನ್ನು ಆರಿಸಿ ಲೆನ್ಸಿಗೆ ಹಾಕುವುದು. ಒಂದೇ ಒಂದು ಕ್ಲಿಕ್.

ಡಿಜಿಟಲ್ ಕ್ಯಾಮೆರಾ ಬಂದ ಮೇಲೂ ಅದೇ ಹಟ. ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ಇಟ್ಟು, ಮುಂದೆ ಗಾಜು ತಿರುಗಿಸುತ್ತಿದ್ದರು. ನನಗೆ ತಡೆಯಲಾಗುತ್ತಿರಲಿಲ್ಲ. “ಸರ್, ಡಿಜಿಟಲ್ ಕ್ಯಾಮೆರಾದೊಳಗೇ ಕೆಂಪು, ಹಸಿರು, ನೀಲಿ ಚುಕ್ಕಿಗಳಿವೆ. ನೀವು ಆಚೆ ಇನ್ನೊಂದು ಕೆಂಪು ಗಾಜು ಹಾಕಿದ್ರೆ ನಾಲ್ಕರಲ್ಲಿ ಮೂರು ಚುಕ್ಕಿ ಕುರುಡಾಗ್ತವೆ. ಫೋಟೋ ರವೆ ರವೆ ಆಗತ್ತೆ. ಕಲರಲ್ಲಿ ತೆಗೀರಿ, ಆಮೇಲೆ ಕಂಪ್ಯೂಟರಲ್ಲಿ ಯಾವ ಬಣ್ಣ ಬೇಕೋ ಅದನ್ನ ಬೆಳ್ಳಗೆ ಮಾಡಿ, ಕಪ್ಪಗೆ ಮಾಡಿ.”

“ರವೆ ಆದ್ರೆ ಆಗ್ಲಿ ಬಿಡು, ನಮ್ಮ ಶಾಂತಮ್ಮನಿಗೆ ಕೊಡು, ಉಪ್ಪಿಟ್ಟು ಮಾಡ್ತಾಳೆ.”

“ತಮಾಷೆ ಅಲ್ಲ ಸರ್.”

“ನಂದೂ ತಮಾಷೆ ಅಲ್ಲ. ಆಮೇಲೆ, ಆಮೇಲೆ ಅಂತೀಯಲ್ಲ, ಆಮೇಲೆ ಅಲ್ಲಿ ಮನುಷ್ಯ ಇರ್ತಾನಾ? ಥೂ.”

ತಾಂತ್ರಿಕವಾಗಿ ನಾನು ಹೇಳಿದ್ದೇ ಸರಿ. ಇವತ್ತಿಗೂ ಸರಿ. ಆದರೆ ಆ ಸರಿಯನ್ನಿಟ್ಟುಕೊಂಡು ನಾನು ಮಾಡಿದ ಹೊಲಸು ಕೆಲಸ ಹೇಳುತ್ತೇನೆ, ಕೇಳಿ.

ಅವರ ಬೀದಿಯ ತಿರುವಿನಲ್ಲಿ ಮುನಿಯಮ್ಮನ ಇಸ್ತ್ರಿ ಗಾಡಿ. ಕೆಂಡದ ಇಸ್ತ್ರಿ. ಗಟ್ಟಿ ಹೆಂಗಸು, ಮಾತು ಅದಕ್ಕಿಂತ ಗಟ್ಟಿ. ಒಂದು ಬೆಳಗ್ಗೆ ಅವಳ ಫೋಟೋ ತೆಗೆದೆ, ಕಲರಲ್ಲಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿ, ಕೆಂಪನ್ನೂ ಕಿತ್ತಳೆಯನ್ನೂ ಕೆಳಕ್ಕೆ ಎಳೆದೆ. ಎಳೆದಷ್ಟೂ ಅವಳ ಮುಖ ಇದ್ದಿಲಾಗುತ್ತಾ ಹೋಯಿತು. ಒಂದೊಂದು ಸುಕ್ಕೂ ಕಾಲುವೆ. ಕೆಳಗೆ ‘ಬೆಂದ ಬದುಕು’ ಎಂದು ಬರೆದು ಜಾಲತಾಣದಲ್ಲಿ ಹಾಕಿದೆ. ಈಗ ಆ ಎರಡು ಪದ ನೆನೆದರೆ ನನಗೇ ವಾಕರಿಕೆ ಬರುತ್ತದೆ. ಆಗ ಸಾವಿರಗಟ್ಟಲೆ ಜನ ಕಣ್ಣೀರಿನ ಗೊಂಬೆ ಒತ್ತಿದರು. ನಿಮ್ಮಲ್ಲೂ ಕೆಲವರು ಒತ್ತಿದ್ದೀರಿ, ನನ್ನೊಬ್ಬನನ್ನೇ ಬೈಯಬೇಡಿ. ಬಡವರ ಮುಖವನ್ನು ಕಪ್ಪಗೆ ಮಾಡಿ ಹಂಚುವ, ಅದನ್ನು ನೋಡಿ ಲೊಚಗುಟ್ಟುವ ಈ ಚಾಳಿ ನಮ್ಮೆಲ್ಲರದ್ದೂ.

ವಾರವಾದ ಮೇಲೆ ಮುನಿಯಮ್ಮ ನನ್ನನ್ನು ಬೀದಿಯಲ್ಲೇ ತಡೆದಳು. ಪಕ್ಕದಲ್ಲಿ ಗುರುಸಿದ್ದಪ್ಪನವರಿದ್ದರು.

“ಏನ್ ಸ್ವಾಮಿ, ನಾನೇನು ಸತ್ತೋಗಿದೀನಾ? ಫೋನಲ್ಲಿ ಎಲ್ರೂ ತೋರಿಸ್ತಾರೆ. ಹುಷಾರಿಲ್ವಾ ಮುನಿಯಮ್ಮ, ಡಾಕ್ಟ್ರಿಗೆ ತೋರಿಸ್ದ್ಯಾ ಅಂತಾರೆ. ಮೊನ್ನೆ ಆ ಕೊನೆ ಮನೆಯಮ್ಮ ಇಸ್ತ್ರಿಗೆ ಬಟ್ಟೆ ತರೋದು ಬಿಟ್ಟು, ಪಾಪ ಇಟ್ಕೋ ಅಂತ ಹಳೇ ಸೀರೆ ಕೊಟ್ಟು ಹೋದ್ಳು. ನಂಗೆ! ನಾನು ಯಾರತ್ರಾನಾದ್ರೂ ಕೈ ಚಾಚಿದ್ನಾ?”

ಗುರುಸಿದ್ದಪ್ಪನವರು ನನ್ನ ಫೋನ್ ಕೇಳಿದರು. ಫೋಟೋ ನೋಡಿದರು. ಈ ಸಲ ಥೂ ಅನ್ನಲಿಲ್ಲ. ಫೋನನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಬಾಲದಲ್ಲಿ ಹಿಡಿದ ಹಾಗೆ ಹಿಡಿದು ವಾಪಸು ಕೊಟ್ಟರು. “ಅಳಿಸು” ಅಂದರು. ಅಲ್ಲೇ ನಿಂತು ಅಳಿಸಿದೆ.

ಮಾರನೆಯ ದಿನ ಡಬ್ಬಿ, ಕ್ಯಾಮೆರಾ ಹಿಡಿದು ತಾವೇ ಗಾಡಿಯ ಮುಂದೆ ನಿಂತರು. ಕೆಂಪು ಗಾಜು ಕಣ್ಣಿಗೆ, ಹಸಿರು ಗಾಜು ಕಣ್ಣಿಗೆ.

“ಏನ್ ಯಜಮಾನ್ರೇ, ಗ್ರಹಣ ನೋಡ್ತಿದೀರಾ?” ಅಂದಳು ಮುನಿಯಮ್ಮ.

“ಹೂಂ ಕಣಮ್ಮ, ಈ ನನ್ಮಗ ಹಿಡಿಸಿದ್ದ ಗ್ರಹಣ. ಬಿಡಿಸ್ತಿದೀನಿ.”

ಅವಳು ನಕ್ಕಳು. ಹಳದಿ ಗಾಜು, ಒಂದು ಕ್ಲಿಕ್. ಫೋಟೋ ಅಂಥ ಚೂಪಾಗೇನೂ ಇರಲಿಲ್ಲ, ಇನ್ನೂ ಚೆನ್ನಾಗಿ ತೆಗೆಯಬಹುದಿತ್ತು. ಆದರೆ ಅದು ಮುನಿಯಮ್ಮ. ಅದೇ ಗತ್ತು. ಅವಳು ಅದನ್ನು ಗಾಡಿಯ ಹಲಗೆಗೆ ಅಂಟಿಸಿದಳು. ಹಳೇ ಸೀರೆಯನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ ಕೊನೆ ಮನೆಗೆ ವಾಪಸು ಕಳಿಸಿದಳು.

ಆಮೇಲೆ ಎರಡು ತಿಂಗಳು ನಾನು ಆ ತಾರಸಿ ಹತ್ತಲಿಲ್ಲ. ಕೊನೆಗೆ ಅವರೇ ಫೋನ್ ಮಾಡಿದರು. “ಬೈಸ್ಕೊಂಡೋನು ಬರ್ಬೇಕು ಕಣಯ್ಯಾ. ಬೈದೋನು ಬರೋಕಾಗಲ್ಲ, ಮಂಡಿನೋವು.”

ಹೋದ ವರ್ಷ ಅವರ ಆರೋಗ್ಯ ಕೆಟ್ಟಿತು. ಆಸ್ಪತ್ರೆಯಿಂದ ಬಂದು ಒಂದು ವಾರಕ್ಕೆ ನನ್ನನ್ನು ಕರೆಸಿದರು. ಬೆಳಗಿನ ಬಿಸಿಲಿಗೆ ತಾರಸಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಕೂತಿದ್ದರು. ತೊಡೆಯ ಮೇಲೆ ಡಬ್ಬಿ.

“ನಂದೊಂದು ತೆಗಿ. ಗೋಡೆಗೆ.”

“ಯಾಕ್ ಸರ್ ಹಂಗೆಲ್ಲ ಮಾತಾಡ್ತೀರಾ?”

“ಡೈಲಾಗ್ ಬೇಡ. ಯಾವ ಗಾಜು?”

ಡಬ್ಬಿ ತೆರೆದು ನನ್ನ ಕಡೆ ಚಾಚಿದರು. ನಾಲ್ಕು ಗಾಜು. ನಾನು ನೋಡಿದೆ. ಕೆಂಪು ಹಾಕಿದರೆ ಮಚ್ಚೆ ಹೋಗುತ್ತದೆ. ಗೋಡೆಯ ಮೇಲೆ ಚೆಂದ ಕಾಣುತ್ತಾರೆ. ಆದರೆ ಅದನ್ನು ಆರಿಸಿದರೆ, ಇಷ್ಟು ವರ್ಷ ನಾನು ಬಲಕಿವಿಯನ್ನೇ ನೋಡುತ್ತಿದ್ದೆ ಎಂದಾಗುತ್ತದೆ. ಹಸಿರು ಹಾಕಿದರೆ ಮಚ್ಚೆ ಮುಖವನ್ನೇ ನುಂಗುತ್ತದೆ. ಕಾಯಿಲೆ ಮನುಷ್ಯನಿಗೆ ಯಾರಾದರೂ ಹಾಗೆ ಮಾಡುತ್ತಾರಾ? ಕೈ ಮುಂದೆ ಹೋಗಲಿಲ್ಲ.

“ಕಲರಲ್ಲೇ ತೆಗೀತೀನಿ ಸರ್. ಆಮೇಲೆ ನೋಡ್ಕೊಳ್ಳೋಣ.”

ಅವರು ಡಬ್ಬಿ ಮುಚ್ಚಿದರು. “ಹದಿನಾಲ್ಕು ವರ್ಷ ಎದುರಿಗೆ ಕೂತಿದೀಯ. ಇನ್ನೂ ಆಮೇಲೇನಾ?” ಅಂದರು. ಪತ್ರೆ ಗಿಡದ ಕಡೆ ತಿರುಗಿ, ಇದ್ದ ಉಸಿರೆಲ್ಲ ಸೇರಿಸಿ, “ಥೂ.”

ಆಮೇಲೆ ಕ್ಯಾಮೆರಾ ಕಡೆ ತಿರುಗಿ ನೆಟ್ಟಗೆ ಕೂತರು. ತೆಗೆದೆ. ಅದೇ ಕೊನೆ. ಆ ತಿಂಗಳೇ ಹೋದರು.

ಗೋಡೆಗೆ ಕಪ್ಪು-ಬಿಳುಪೇ ಬೇಕು, ಅವರಿಗೆ ಅದೇ ಇಷ್ಟ ಎಂದರು ಶಾಂತಮ್ಮ. ಒಂದು ವಾರ ಕಂಪ್ಯೂಟರಿನ ಮುಂದೆ ಕೂತೆ. ಕೆಂಪನ್ನು ಮೇಲೆ ಎಳೆದರೆ ಯಾರೋ ಮದುವೆ ಗಂಡು. ಕೆಳಗೆ ಎಳೆದರೆ ಮುನಿಯಮ್ಮನಿಗೆ ಮಾಡಿದ್ದೇ ನೆನಪಾಗಿ ಕೈ ಹೇಸುತ್ತಿತ್ತು. ಮಧ್ಯ ಇಟ್ಟರೆ ಗುರುತಿನ ಚೀಟಿಯ ಫೋಟೋ. ಎಪ್ಪತ್ತು ಥರ ಮಾಡಿದೆ, ಒಂದರಲ್ಲೂ ಅವರಿಲ್ಲ. ಕೊನೆಗೆ ಸೋತು, ಲ್ಯಾಪ್‌ಟಾಪ್ ಎತ್ತಿಕೊಂಡು ಚಾಮರಾಜಪೇಟೆಗೆ ಹೋಗಿ, ಬಣ್ಣದ ಫೋಟೋವನ್ನೇ ಶಾಂತಮ್ಮನ ಮುಂದೆ ಇಟ್ಟೆ. “ಗೊತ್ತಾಗ್ತಿಲ್ಲ ಅಮ್ಮಾ” ಅಂದೆ.

ಅವರು ಒಳಗೆ ಹೋಗಿ ಡಬ್ಬಿ ತಂದರು. ಗಂಡನ ಹಾಗೆಯೇ ಒಂದು ಗಾಜನ್ನು ತೆಗೆದು, ಸೆರಗಲ್ಲಿ ಒರೆಸಿ, ಒಂದು ಕಣ್ಣು ಮುಚ್ಚಿ, ಪರದೆಯನ್ನು ನೋಡಿದರು. ಎರಡನೆಯದನ್ನು ತೆಗೆಯಲೇ ಇಲ್ಲ. ಕೈಯಲ್ಲಿದ್ದದ್ದು ಹಸಿರು.

“ಇದು. ಇದ್ರಲ್ಲಿದಾರೆ ನೋಡು.”

“ಮಚ್ಚೆ ತುಂಬಾ ಕಪ್ಪಾಗತ್ತಲ್ಲಮ್ಮಾ...”

“ಹೆಣ್ಣು ನೋಡೋಕೆ ಬಂದಾಗ ನಾನು ಮೊದ್ಲು ನೋಡಿದ್ದೇ ಅದನ್ನ ಕಣಪ್ಪಾ. ಅದಿಲ್ದೆ ಇವ್ರು ಯಾರು?”

ಗಾಜನ್ನು ಇನ್ನೂ ಕಣ್ಣಿಗೆ ಹಿಡಿದಿದ್ದರು, ಇಳಿಸಲಿಲ್ಲ. ನನ್ನ ಕಡೆ ತಿರುಗದೆಯೇ ಕೇಳಿದರು.

“ಇಷ್ಟಕ್ಕೆ ಒಂದು ವಾರ ಬೇಕಾಯ್ತಾ? ಥೂ.”