ದೊಡ್ಡಮ್ಮ ಮನೆಗೆ ಹೋದ ದಾರಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿಂದೆ ಕಾಂಪೌಂಡ್ ಇರಲಿಲ್ಲ. ಭದ್ರಾವತಿಯ ಅಂಚಿನಲ್ಲಿ ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಹಿತ್ತಿಲ ಬಾಗಿಲು ತೆರೆದರೆ ಬಚ್ಚಲ ನೀರು ಹರಿಯುವ ಸಣ್ಣ ಕಾಲುವೆ, ಅದರಾಚೆಗೆ ಗೋಮಾಳ. ಗೋಮಾಳ ಎಂದರೆ ಊರಿನ ದನಗಳು ಮೇಯಲಿ ಎಂದು ಸರ್ಕಾರ ಬಿಟ್ಟಿದ್ದ ಬಯಲು. ಆ ತುದಿಯಲ್ಲಿ ಒಂದು ಹಳ್ಳಿ, ಈ ತುದಿಯಲ್ಲಿ ನಮ್ಮ ಕ್ವಾರ್ಟರ್ಸ್. ನಡುವೆ ಒಂದು ಕಾಲುದಾರಿ. ಯಾರು ಬೇಕಾದರೂ ಬರಬಹುದಿತ್ತು, ಹೋಗಬಹುದಿತ್ತು.

ಗಾಳಿ ನಮ್ಮ ಕಡೆಯಿಂದ ಬೀಸಿದರೆ ಬಯಲಿನ ತುಂಬ ಕಾರ್ಖಾನೆಯ ಹೊಗೆಯ ವಾಸನೆ. ಹಳ್ಳಿಯ ಕಡೆಯಿಂದ ಬೀಸಿದರೆ ಸಗಣಿ ಮತ್ತು ಒಣಹುಲ್ಲಿನ ವಾಸನೆ. ಬೇಸಿಗೆಯಲ್ಲಿ ನಾವು ಮಕ್ಕಳು ಮುಳ್ಳು ಪೊದೆಗಳಲ್ಲಿ ಕೈ ತೂರಿಸಿ ಕವಳೆ ಹಣ್ಣು ಕೀಳುತ್ತಿದ್ದೆವು. ತೊಟ್ಟಿನ ಹಾಲು ಸೋಕಿ ಬೆರಳೆಲ್ಲ ಅಂಟಂಟಾಗುತ್ತಿತ್ತು. ಬಯಲಿನ ನಡುವೆ ದೊಡ್ಡದೊಂದು ಹಾಸುಬಂಡೆ ಇತ್ತು. ಸುಗ್ಗಿಯಲ್ಲಿ ಹಳ್ಳಿಯವರು ಅದರ ಮೇಲೆ ರಾಗಿ ಬಡಿಯುತ್ತಿದ್ದರು. ಬಿಸಿಲು ಏರಿದ ಮೇಲೆ ಅಮ್ಮ ಮತ್ತು ಪಕ್ಕದ ಮನೆಯ ತಮಿಳು ಅತ್ತೆ ಅಲ್ಲೇ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಹಳ್ಳಿಯ ದನ ಬಂದು ಸಂಡಿಗೆ ತಿಂದರೆ ಜಗಳ. ನಮ್ಮ ಹುಡುಗರು ಚೆಂಡು ಹೊಡೆದು ಕರುಗಳು ಬೆದರಿದರೆ ಇನ್ನೊಂದು ಜಗಳ. ಅವರು ನಮ್ಮನ್ನು 'ಕ್ವಾರ್ಟರ್ಸ್‌ನೋರು' ಎಂದರೆ ನಾವು ಅವರನ್ನು 'ಹಳ್ಳಿಯೋರು' ಎನ್ನುತ್ತಿದ್ದೆವು. ಹೆಸರು ಹಿಡಿದು ಕರೆಯುವಷ್ಟು ಪರಿಚಯ ಯಾರಿಗೂ ಇರಲಿಲ್ಲ.

ದೊಡ್ಡಮ್ಮ ಒಬ್ಬಳನ್ನು ಬಿಟ್ಟು. ಅವಳು ನಮಗೆ ರಕ್ತಸಂಬಂಧಿಯಲ್ಲ. ಹಳ್ಳಿಯಿಂದ ದಿನವೂ ಹಾಲು ತರುತ್ತಿದ್ದಳು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಹಿತ್ತಾಳೆ ಬಿಂದಿಗೆ, ಹಣೆಯಲ್ಲಿ ಅಗಲವಾದ ವಿಭೂತಿ. 'ಏನ್ ಮಾರಾಯ್ತಿ, ಇನ್ನೂ ಹಾಸ್ಗೆ ಬಿಟ್ಟಿಲ್ವಾ?' ಎಂದು ಹಿತ್ತಿಲಿನಿಂದಲೇ ನನ್ನನ್ನು ಎಬ್ಬಿಸುತ್ತಿದ್ದಳು. ನನ್ನ ಅಕ್ಕನಿಗಂತೂ ಅವಳೆಂದರೆ ಪ್ರಾಣ. ರಜೆಯ ದಿನಗಳಲ್ಲಿ ಅಕ್ಕ ಅವಳ ಹಿಂದೆಯೇ ಬಯಲು ದಾಟಿ ಹೋಗಿ, ಅವಳ ಎಮ್ಮೆಯ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುವುದನ್ನು ಕಲಿತು ಬಂದಿದ್ದಳು.

ಒಂದು ಬೇಸಿಗೆಯಲ್ಲಿ ಲಾರಿಗಳು ಕಲ್ಲುಕಂಬ ತಂದು ಬಯಲಿನ ಸುತ್ತ ಇಳಿಸಿದವು. ಆಳುಗಳು ಗುಂಡಿ ತೋಡಿ ಕಂಬ ನೆಟ್ಟರು, ಮುಳ್ಳುತಂತಿ ಎಳೆದರು. ಬೇಲಿಯ ಒಳಗಡೆ ಉದ್ದಕ್ಕೂ ಕಂದಕ ತೆಗೆದರು. ಶಿವಮೊಗ್ಗದ ಒಬ್ಬ ಸಾಹುಕಾರ ಜಾಗವನ್ನು ಕೊಂಡಿದ್ದಾನೆ, ಹಾಸುಬಂಡೆಯನ್ನು ಒಡೆದು ಜಲ್ಲಿ ಮಾಡಿಸುತ್ತಾನೆ ಎಂದು ಸುದ್ದಿಯಾಯಿತು. ಹಳ್ಳಿಯವರೇ ದುಡ್ಡಿನಾಸೆಗೆ ಮಾರಿಕೊಂಡಿದ್ದಾರೆ ಎಂದು ನಮ್ಮ ಕೇರಿಯಲ್ಲಿ ಎಲ್ಲರೂ ನಂಬಿದರು. ಅಪ್ಪ ಕುಂಸಿ ಕಡೆಯ ರೈತರ ಮನೆಯಲ್ಲಿ ಹುಟ್ಟಿದವರು. ಸಂಜೆ ಹಿತ್ತಿಲಲ್ಲಿ ನಿಂತು ಬೇಲಿ ನೋಡಿ, 'ದನದ ಪಾಲನ್ನೂ ಮಾರ್ಕೊಂಡ್ರಲ್ಲ' ಎಂದು ನೊಂದುಕೊಂಡರೇ ಹೊರತು ಹಳ್ಳಿಗೆ ಹೋಗಿ ಕೇಳಲಿಲ್ಲ. ದೊಡ್ಡಮ್ಮ ಮಾತ್ರ, 'ನಮ್ಮೋರೂ ಸಿಟ್ಟಲ್ಲಿದಾರೆ ಕಣಪ್ಪ, ನೀವೂ ಸಿಟ್ಟಲ್ಲಿದೀರಿ. ಒಂದ್ಸಲ ಕೂತು ಮಾತಾಡ್ರಿ' ಎನ್ನುತ್ತಿದ್ದಳು. ಹಾಲು ಮಾರುವ ಹೆಂಗಸಿನ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಲುದಾರಿ ಮುಚ್ಚಿದ ಮೇಲೆ ಅವಳು ಶಿವಮೊಗ್ಗದ ಟಾರು ರಸ್ತೆಯಲ್ಲಿ ಸುತ್ತಿ ಬರಬೇಕಾಯಿತು. ಅದು ಲಾರಿಗಳ ರಸ್ತೆ. ಬರುವಷ್ಟರಲ್ಲಿ ಅವಳ ಸೆರಗೆಲ್ಲ ಬೆವರು, ಧೂಳು. ಮನೆಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿ ಕುಡಿಯುತ್ತಿದ್ದಳು. ಅದಕ್ಕೆ ಮುಂಚೆ ಅವಳು ಕೂತದ್ದನ್ನೇ ನಾನು ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಹಾಲು ಬರಲಿಲ್ಲ. ಕಾರ್ಖಾನೆಯ ಸೈರನ್ ಕೂಗಿತು, ಬಿಸಿಲು ಅಂಗಳಕ್ಕೆ ಇಳಿಯಿತು, ಆದರೂ ಅವಳ ಸುಳಿವಿಲ್ಲ. 'ನೋಡ್ಕೊಂಡು ಬರ್ತೀನಿ' ಎಂದು ಅಕ್ಕ ಹೊರಟಾಗ ನಾನೂ ಹಿಂದೆ ಓಡಿದೆ. ರಸ್ತೆಯ ತಿರುವಿನಲ್ಲಿ ಜನ ಗುಂಪುಗೂಡಿದ್ದರು. ಮೊದಲು ನನಗೆ ಕಂಡದ್ದು ಟಾರಿನ ಮೇಲೆ ಹರಿದಿದ್ದ ಹಾಲು. ಅದರ ಅಂಚಿನಲ್ಲಿ ನೊಣಗಳು ಕೂತಿದ್ದವು. ದೊಡ್ಡಮ್ಮ ರಸ್ತೆಯ ಪಕ್ಕದ ಮಣ್ಣಿನಲ್ಲಿ ಒಂದು ಮಗ್ಗುಲಾಗಿ ಮಲಗಿದ್ದಳು. ಲಾರಿ ನಿಲ್ಲದೆ ಹೋಗಿತ್ತು. ಅಕ್ಕ ಗುಂಪನ್ನು ಸೀಳಿಕೊಂಡು ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಆಮೇಲೆ ತನ್ನ ದಾವಣಿಯನ್ನು ಬಿಚ್ಚಿ ಅವಳ ಮೇಲೆ ಹೊದಿಸಿದಳು. ಜೀವ ಆಗಲೇ ಹೋಗಿದೆ ಎಂದು ನನಗೆ ಯಾರೂ ಹೇಳಲಿಲ್ಲ. ಅಕ್ಕನ ಮುಖ ನೋಡಿ ತಿಳಿಯಿತು.

ರಾತ್ರಿ ಪಾಳಿ ಮುಗಿಸಿ ಸೈಕಲ್‌ನಲ್ಲಿ ಬರುತ್ತಿದ್ದ ಅಪ್ಪ ಅಲ್ಲೇ ನಿಂತರು. ಹಳ್ಳಿಗೆ ಸುದ್ದಿ ಕಳಿಸಿದವರು ಅವರೇ. ಪೊಲೀಸರು ಬಂದರು, ದೇಹವನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದರು. ಮಧ್ಯಾಹ್ನ ಅವಳ ಮಗ ಮತ್ತು ಹಳ್ಳಿಯ ಗಂಡಸರು ಅವಳನ್ನು ಚಟ್ಟದ ಮೇಲೆ ಮಲಗಿಸಿ, ಎತ್ತಿನ ಗಾಡಿಯಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಹೊರಟರು. ದಾರಿಯಲ್ಲಿ ನಮ್ಮ ಕೇರಿಯವರು ಮುಖ ನೋಡಲಿ ಎಂದು ಗಾಡಿ ನಿಲ್ಲಿಸಿದರು. ಅವಳಿಂದ ಹಾಲು ತೆಗೆದುಕೊಳ್ಳುತ್ತಿದ್ದ ಮನೆಗಳ ಹೆಂಗಸರೆಲ್ಲ ಹೊರಗೆ ಬಂದರು. ತಮಿಳು ಅತ್ತೆ ಅವಳ ಪಾದ ಹಿಡಿದು ಅತ್ತರು.

ದೊಡ್ಡಮ್ಮನ ಮಗ ಎತ್ತಿನ ಹಗ್ಗ ಹಿಡಿದು ನಿಂತಿದ್ದ. ಹೊರಡುವ ಹೊತ್ತಾದರೂ ಅವನ ಕಾಲು ಏಳಲಿಲ್ಲ. 'ಅದೇ ರಸ್ತೇಲಿ ಹೋಗ್ಬೇಕು. ಅವ್ವ ಬಿದ್ದ ಜಾಗದ ಮೇಲೇ ಗಾಡಿ ಹೊಡೀಬೇಕು' ಎಂದ. 

ಅಪ್ಪ ಅವನ ಹತ್ತಿರ ಹೋಗಿ, 'ಬೇಡಪ್ಪ. ಗೋಮಾಳದಲ್ಲೇ ಕರ್ಕೊಂಡು ಹೋಗೋಣ. ಅಮ್ಮ ದಿನಾ ಬರ್ತಿದ್ದ ದಾರಿ ಅದು' ಎಂದರು.

ಹಳ್ಳಿಯ ಹಿರಿಯರೊಬ್ಬರು ತಿರುಗಿ ನಿಂತರು. 'ಬೇಲಿ ಹಾಕ್ಸಿದೋರೂ ನೀವೇ, ಈಗ ದಾರಿ ತೋರ್ಸೋರೂ ನೀವೇನಾ?'

'ನಾವೆಲ್ಲಿ ಹಾಕ್ಸಿದ್ವಿ? ನೀವು ಮಾರಿದ್ರಿ ಅಂತ ಆ ಸಾಹುಕಾರನ ಕಡೆಯೋರೇ ಹೇಳಿದ್ರು.'

'ಗೋಮಾಳನ ಯಾರಾದ್ರೂ ಮಾರ್ತಾರಾ ಮಾರಾಯ? ನಮ್ಮೂರಲ್ಲಿ ಅವ್ರು ಹೇಳಿದ್ದೇ ಬೇರೆ. ಕ್ವಾರ್ಟರ್ಸ್‌ನೋರು ಒಪ್ಪಿ ಬಿಟ್ಟುಕೊಟ್ಟಿದಾರೆ, ನೀವು ಕೂಗಾಡಿ ಏನೂ ಪ್ರಯೋಜನ ಇಲ್ಲ ಅಂದ್ರು.'

ಎತ್ತು ತಲೆ ಕೊಡವಿದಾಗ ಕೊರಳ ಗಂಟೆಯ ಸದ್ದು ಕೇಳಿಸಿತು. ಅಷ್ಟು ದಿನ ಎರಡೂ ಕಡೆಯವರು ಒಬ್ಬರನ್ನೊಬ್ಬರು ಬೈದುಕೊಂಡು ಕೂತಿದ್ದರು. ಒಂದು ಸಲ ಬಯಲು ದಾಟಿ ಹೋಗಿ ಕೇಳಿದ್ದರೆ ಆ ಬೇಲಿ ನಿಲ್ಲುತ್ತಲೇ ಇರಲಿಲ್ಲ. ಆ ಹಿರಿಯರು ಗಾಡಿಯ ಕಡೆ ನೋಡಿ, 'ಇವಳು ಬಡ್ಕೊಂಡ್ಲು' ಎಂದಷ್ಟೇ ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಅಪ್ಪ ಒಳಗೆ ಹೋಗಿ ಕಟಿಂಗ್ ಪ್ಲೇಯರ್ ತಂದರು. ದೊಡ್ಡಮ್ಮನ ಮಗ ತಂತಿಯನ್ನು ಬಿಗಿಯಾಗಿ ಹಿಡಿದ, ಅಪ್ಪ ಕತ್ತರಿಸಿದರು. ಬೇಲಿ ಕಾಯಲು ಸಾಹುಕಾರ ಇಟ್ಟಿದ್ದ ಕಾವಲುಗಾರ ತಡೆಯಲಿಲ್ಲ. 'ನಾನು ಹೋಗಿ ಹೇಳ್ಲೇಬೇಕು. ನನ್ನ ಹೊಟ್ಟೆಪಾಡು' ಎಂದು ಸೈಕಲ್ ಹತ್ತಿ ಹೋದ. ಗಾಡಿ ಕಂದಕ ದಾಟುವಂತಿರಲಿಲ್ಲ. ನಮ್ಮ ಕೇರಿಯ ಗಂಡಸರು ಕಂದಕಕ್ಕೆ ಇಳಿದು, ಹಳ್ಳಿಯವರು ಮೇಲಿನಿಂದ ಕೊಟ್ಟ ಚಟ್ಟವನ್ನು ಹೆಗಲಿಗೆ ತೆಗೆದುಕೊಂಡು ಆಚೆ ದಾಟಿಸಿದರು. ನಡೆದಾಡುವವರಿಲ್ಲದೆ ಕಾಲುದಾರಿಯ ಮೇಲೆಲ್ಲ ಮುಳ್ಳು ಹಬ್ಬಿತ್ತು. ಅಕ್ಕ ಮುಂದೆ ಮುಂದೆ ಹೋಗಿ ಅದನ್ನು ಕೋಲಿನಿಂದ ಸರಿಸುತ್ತಿದ್ದಳು.

ಹಾಸುಬಂಡೆಯ ಮೇಲೆ ಚಟ್ಟ ಇಳಿಸಿ ಎಲ್ಲರೂ ಉಸಿರು ತೆಗೆದುಕೊಂಡರು. ಬಂಡೆ ಒಡೆಯಲು ಆಗಲೇ ಕುಳಿ ಕೊರೆದಿದ್ದರು. ಟಾರು ರಸ್ತೆ ಕಡೆಯ ಗೇಟಿನಿಂದ ಅಲ್ಲಿಗೆ ಪೊಲೀಸ್ ಜೀಪು ಬಂತು. ಇಳಿದ ಅಧಿಕಾರಿ, 'ಇದು ಖಾಸಗಿ ಜಾಗ. ಎತ್ತಿ, ವಾಪಸ್ ನಡೀರಿ' ಎಂದ. ಗಂಡಸರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ತಮಿಳು ಅತ್ತೆ ಹೋಗಿ ಚಟ್ಟದ ಪಕ್ಕದಲ್ಲಿ ಕೂತುಬಿಟ್ಟರು. 'ಇವಂಗ... ಇವ್ರು ನಮ್ಮ ಮನೆಯೋರು ಸಾರ್. ಮನೆಗೆ ಹೋಗ್ತಾ ಇದಾರೆ' ಎಂದು ಅವರ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು. ಅಮ್ಮ ಕೂತರು. ಎದುರಿನಿಂದ ತಂತಿ ನುಸುಳಿ ಓಡಿ ಬಂದಿದ್ದ ಹಳ್ಳಿಯ ಹೆಂಗಸರು ಕೂತರು. ಸಂಡಿಗೆಗಾಗಿ ಜಗಳವಾಡಿದ್ದವರೇ ಮೈಗೆ ಮೈ ತಾಗಿಸಿ ಸುತ್ತ ಕೂತರು. ಬಂಡೆ ಕಾದು ಸುಡುತ್ತಿತ್ತು. ನಾನು ಅಮ್ಮನ ಸೆರಗಿನ ಮೇಲೆ ಕಾಲಿಟ್ಟುಕೊಂಡು ನಿಂತಿದ್ದೆ.

ಅಧಿಕಾರಿ ಕೂತವರ ಸುತ್ತ ಒಂದು ಸಲ ನಡೆದು ಬಂದ. ಕೊನೆಗೆ, 'ಮಣ್ಣು ಮಾಡಿ. ಆಮೇಲೆ ತಂತಿ ಕತ್ತರಿಸಿದೋರು ನನ್ ಜೊತೆ ಬರ್ಬೇಕು' ಎಂದ. ಹಾಗೆಯೇ ಆಯಿತು. ಆ ತುದಿಯ ಬೇಲಿಯನ್ನೂ ಕಂದಕವನ್ನೂ ಮೊದಲಿನಂತೆಯೇ ದಾಟಿಸಿ ಚಟ್ಟವನ್ನು ಹಳ್ಳಿಗೆ ಒಯ್ದರು. ಮಗ ತಾಯಿಯ ಗುಂಡಿಗೆ ಮಣ್ಣು ಹಾಕಿ, ಕೈ ತೊಳೆಯದೆ ಜೀಪು ಹತ್ತಿದ. ಅವನ ಪಕ್ಕದಲ್ಲಿ ಅಪ್ಪ ಕೂತರು.

ಸಂಜೆ ನಾವು ದೊಡ್ಡಮ್ಮನ ಮನೆಯಲ್ಲೇ ಇದ್ದೆವು. ಕರೆಯುವ ಹೊತ್ತಿಗೆ ಎಮ್ಮೆ ಹಗ್ಗ ಜಗ್ಗಿಕೊಂಡು ಕೂಗತೊಡಗಿತು. ಕೆಚ್ಚಲು ಬಿಗಿದಿದ್ದರೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೋದವರಿಗೆಲ್ಲ ಕೊಂಬು ತೋರಿಸಿತು. ಆಗ ಅಕ್ಕ ಬಟ್ಟೆ ಒಣಹಾಕುವ ಹಗ್ಗದ ಮೇಲಿದ್ದ ದೊಡ್ಡಮ್ಮನ ಹಳೆಯ ಸೀರೆಯನ್ನು ಉಟ್ಟುಕೊಂಡು ಕೊಟ್ಟಿಗೆಗೆ ಹೋದಳು. ಎಮ್ಮೆ ಸೀರೆಯನ್ನು ಮೂಸಿತು, ಮತ್ತೆ ಮತ್ತೆ ಮೂಸಿತು, ಆಮೇಲೆ ಸುಮ್ಮನಾಯಿತು. ಅಕ್ಕ ಅದರ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಆಗ ಅತ್ತಳು.

ಮಾರನೆಯ ದಿನ ಇಬ್ಬರನ್ನೂ ಬಿಟ್ಟರು, ಆದರೆ ಕೇಸು ವರ್ಷಗಟ್ಟಲೆ ನಡೆಯಿತು. ಅಪ್ಪ ಮತ್ತು ದೊಡ್ಡಮ್ಮನ ಮಗ ಒಂದೇ ಬಸ್ಸಿನಲ್ಲಿ ಶಿವಮೊಗ್ಗದ ಕೋರ್ಟಿಗೆ ಹೋಗುತ್ತಿದ್ದರು, ಕೋಟೆಯ ದೇವಸ್ಥಾನದ ಜಗಲಿಯಲ್ಲಿ ಕೂತು ಒಂದೇ ಬುತ್ತಿ ಬಿಚ್ಚುತ್ತಿದ್ದರು. ಹಳ್ಳಿಯವರೂ ಕ್ವಾರ್ಟರ್ಸ್‌ನವರೂ ಸೇರಿ ವಕೀಲರನ್ನು ಹಿಡಿದು ಜಾಗಕ್ಕಾಗಿ ಹೋರಾಡಿದರು. ಕೊನೆಗೆ ಸಾಹುಕಾರನ ಕಾಗದಪತ್ರ ಸುಳ್ಳು, ಗೋಮಾಳ ಯಾರಿಗೂ ಮಾರುವಂಥದ್ದಲ್ಲ ಎಂದು ತೀರ್ಪಾಯಿತು, ಬೇಲಿ ಕಿತ್ತರು. ಅಷ್ಟು ಹೊತ್ತಿಗೆ ಹಾಸುಬಂಡೆ ಇರಲಿಲ್ಲ. ಅದು ಜಲ್ಲಿಯಾಗಿ ಯಾವುದೋ ರಸ್ತೆಗಳಿಗೆ ಹೋಗಿತ್ತು. ಅದಿದ್ದ ಕಡೆ ಹಸಿರು ನೀರು ನಿಂತ ಹಳ್ಳವಿತ್ತು. ಆಮೇಲೆ ಉಳಿದ ಬಯಲೂ ಚೂರುಚೂರಾಗಿ ಯಾರು ಯಾರಿಗೋ ಹೋಯಿತು. ಆ ಹೊತ್ತಿಗೆ ಹೋರಾಡಿದವರು ಮುದುಕರಾಗಿದ್ದರು, ಕೆಲವರು ತೀರಿಕೊಂಡಿದ್ದರು.

ಮಕ್ಕಳೇ, ನೀವು ಶಿವಮೊಗ್ಗದ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುತ್ತಿದ್ದೀರಿ. ನಿಮ್ಮ ಪಾರ್ಕಿಗೆ ಗೇಟಿದೆ, ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇದೆ. ಬೈಪಾಸಿನ ಆಚೆಗೇ ಹಳ್ಳಿಯಿದ್ದರೂ ಅಲ್ಲಿನ ಒಂದು ಮಗುವಿನ ಹೆಸರೂ ನಿಮಗೆ ಗೊತ್ತಿಲ್ಲ, ಅವರಿಗೂ ನಿಮ್ಮ ಹೆಸರು ಗೊತ್ತಿಲ್ಲ. ನಿಮಗೂ ಅವರಿಗೂ ಒಟ್ಟಿಗೆ ಜಗಳವಾಡಲಿಕ್ಕಾದರೂ ಒಂದು ಜಾಗವಿಲ್ಲ. ಹೋದ ಭಾನುವಾರ ನೀವು ಬ್ಯಾಟು ಹಿಡಿದು ಮಾಚೇನಹಳ್ಳಿ ಕಡೆಯ ಒಂದು ಖಾಲಿ ಬಯಲಿಗೆ ಹೋಗಿದ್ದಿರಿ. ಸೆಕ್ಯುರಿಟಿಯವನು ಒಳಗೆ ಬಿಡದೆ ಕಳಿಸಿದ. ನೀವು ಮನೆಗೆ ಬಂದು ಬ್ಯಾಟನ್ನು ಮೂಲೆಗಿಟ್ಟು ಟಿವಿ ಹಾಕಿಕೊಂಡಿರಿ. ಅದು ಯಾರ ಜಾಗ, ಏಕೆ ಬಿಡಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ನಿಮಗೆ ಸಿಟ್ಟು ಕೂಡ ಬಂದಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಇದನ್ನು ಹೇಳದೆ ಇರಲಾಗಲಿಲ್ಲ.