ಹೆಪ್ಪು ಕೇಳಲು ಬಂದಾಕೆ

ನಮ್ಮ ಪಕ್ಕದ ಮನೆಯಾಕೆಗೆ ನಾನು ಎಷ್ಟು ಋಣಿ ಎಂದು ಹೇಳುವ ಮೊದಲು, ಆಕೆಯ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂಬುದನ್ನೂ ಹೇಳಿಬಿಡುತ್ತೇನೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಮನೆಗಳ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ ಮಾತ್ರ. ಅವರ ಮನೆಯಲ್ಲಿ ಮೊಸರು ಎಷ್ಟಿದ್ದರೂ ಮಧ್ಯಾಹ್ನಕ್ಕೇ ಖಾಲಿ. ಸಂಜೆಯಾದರೆ ಒಂದು ಪುಟ್ಟ ಬಟ್ಟಲು ಹಿಡಿದು ನಮ್ಮಲ್ಲಿಗೆ ಹೆಪ್ಪಿಗೆ ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಹೊಸಿಲು ದಾಟಬಾರದು ಎಂಬುದು ಆಕೆಯ ಶಾಸ್ತ್ರ. ಹಾಗಾಗಿ ನಾನು ಕಾಫಿ ಲೋಟ ಹಿಡಿದು ಕೂರುವ ಹೊತ್ತಿಗೇ ಬಾಗಿಲು ದಡದಡ ಎನ್ನುತ್ತಿತ್ತು. ಬೆಲ್ ಒತ್ತುವ ಅಭ್ಯಾಸ ಆಕೆಗಿಲ್ಲ.

"ಒಂದು ಪ್ಯಾಕೆಟ್ ಮೊಸರು ತಂದ್ಕೊಂಡ್ರೆ ಇವರ ಗಂಟೇನು ಹೋಗುತ್ತೆ?" ಎಂದು ನಾನು ಗೊಣಗಿದರೆ, ನನ್ನ ಹೆಂಡತಿ, "ಒಂದ್ ಚಮಚ ಮೊಸರು ಕೊಟ್ರೆ ನಿಮ್ ಗಂಟೇನ್ ಹೋಗುತ್ರೀ? ಸುಮ್ನಿರಿ" ಎನ್ನುತ್ತಿದ್ದಳು.

ಕಳೆದ ವರ್ಷ ಅವಳು ಕೆಂಗೇರಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ತನ್ನ ಮಂಡಿ ಆಪರೇಷನ್ ಆದ ಮೇಲೆ ಬಹಳ ದಿನ ಓಡಾಡಲಾಗುವುದಿಲ್ಲವಲ್ಲ, ಅದಕ್ಕೆ ಮೊದಲೇ ನೋಡಿಕೊಂಡು ಬರುತ್ತೇನೆ ಎಂದಿದ್ದಳು. ಆ ಆಪರೇಷನ್ನಿಗೆಂದು ನಾನು ನಿವೃತ್ತಿಯಾದಾಗ ಬಂದ ಹಣವನ್ನು ಮುಟ್ಟದೆ ಬ್ಯಾಂಕಿನಲ್ಲಿ ಇಟ್ಟಿದ್ದೆ. ನಮ್ಮಲ್ಲಿ ಇದ್ದದ್ದು ಅಷ್ಟೇ.

ಅವಳು ಅಲ್ಲಿದ್ದಾಗಲೇ ಒಂದು ಮಧ್ಯಾಹ್ನ ಫೋನ್ ಬಂತು. "ಮಾನ್ಯರೇ, ತಮ್ಮ ಆಧಾರ್ ಸಂಖ್ಯೆಯನ್ನು ಬಳಸಿ ಅಕ್ರಮವಾಗಿ ಸಿಮ್ ಪಡೆದಿರುವುದು ಕಂಡುಬಂದಿದ್ದು, ಈ ಸಂಬಂಧ ತಮ್ಮ ವಿರುದ್ಧ ಪ್ರಕರಣ ದಾಖಲಾಗಿರುತ್ತದೆ."

ಬೇರೆಯವರಾಗಿದ್ದರೆ ನಕ್ಕು ಫೋನ್ ಇಡುತ್ತಿದ್ದರೇನೋ. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸರ್ವಿಸ್ ಪೂರ್ತಿ ಬರೆದದ್ದು ಇದೇ ಕನ್ನಡ. 'ದಾಖಲಾಗಿರುತ್ತದೆ' ಎಂದ ಮೇಲೆ ಅದು ಸುಳ್ಳಾಗಲು ಹೇಗೆ ಸಾಧ್ಯ? ಫೈಲು ಎಲ್ಲೋ ಇದೆ, ಅದರ ಮೇಲೆ ಯಾರದೋ ಸಹಿ ಇದೆ ಎಂದು ನನ್ನ ಮನಸ್ಸು ಆಗಲೇ ನಂಬಿಬಿಟ್ಟಿತು.

"ಮೇಲಧಿಕಾರಿಗಳು ವಿಡಿಯೋ ಕಾಲಿನಲ್ಲಿ ವಿಚಾರಣೆ ಮಾಡುತ್ತಾರೆ" ಎಂದ. ಯೂನಿಫಾರ್ಮ್ ತೊಟ್ಟ ಒಬ್ಬ ಪರದೆಯ ಮೇಲೆ ಬಂದ. ನನ್ನನ್ನು ಅರೆಸ್ಟ್ ಮಾಡಲಾಗಿದೆ, ಬಾಗಿಲಿಗೆ ಚಿಲಕ ಹಾಕಬೇಕು, ಹೆಂಡತಿಗೂ ಹೇಳಕೂಡದು, ಹೇಳಿದರೆ ಅವಳ ಮೇಲೂ ಕೇಸ್. ಹೆದರುವವನ ಮೇಲೆ ಹಾವು ಎಸೆದ ಹಾಗಾಯಿತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಎದ್ದು ನಿಂತೆ. ನಿಂತುಕೋ ಎಂದು ಅವನೇನೂ ಹೇಳಿರಲಿಲ್ಲ. ಸಾಹೇಬರ ಮುಂದೆ ಕೂತು ನನಗೆ ಅಭ್ಯಾಸವಿಲ್ಲ. ಕೇಳಿದ್ದಕ್ಕೆಲ್ಲ "ಸಾರ್, ಸಾರ್" ಎನ್ನುತ್ತ ಆಧಾರ್ ನಂಬರ್, ಪ್ಯಾನ್, ಹುಟ್ಟಿದ ತಾರೀಕು, ಬ್ಯಾಂಕ್ ಖಾತೆ ಎಲ್ಲ ಒಪ್ಪಿಸಿದೆ. ಅವನು ಕೇಳದ ತಂದೆಯ ಹೆಸರನ್ನೂ ಹೇಳಿದೆ. ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ವಾಪಸ್ ಬರುತ್ತದಲ್ಲ!

ಹೊರಗೆ ಬಿಸಿಲು ಇಳಿದಿತ್ತು. "ಪರಿಶೀಲನೆಗಾಗಿ ತಮಗೆ ಒಂದು ಓಟಿಪಿ ಬಂದಿರುತ್ತದೆ, ಓದಿ" ಎಂದ. ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಬಾಗಿಲು ದಡದಡ ಎಂದಿತು.

ಹೋಗುತ್ತಾರೆ ಎಂದುಕೊಂಡೆ. ಆಕೆ ಹೋಗುವವರಲ್ಲ, ದೀಪ ಹಚ್ಚುವ ಹೊತ್ತು ಹತ್ತಿರವಾಗಿತ್ತು. "ಸಾರ್, ಚಪ್ಪಲಿ ಇಲ್ಲೇ ಇದೆ, ಒಳಗಿದೀರಾ ಅಂತ ಗೊತ್ತು! ಒಂದ್ ಚೂರು ಹೆಪ್ಪು ಕೊಟ್ಬಿಡಿ, ಹೊತ್ತಾಯ್ತು!" ಇನ್ನೂ ನಾಲ್ಕು ಏಟು ಬಿತ್ತು. ಆಮೇಲೆ ಕಿಟಕಿಯಲ್ಲಿ ಆಕೆಯ ಮುಖ ಕಾಣಿಸಿತು.

"ಯಾರ್ ಮುಂದೆ ಸಾರ್ ಹಂಗೆ ಕೈ ಕಟ್ಕೊಂಡ್ ನಿಂತಿದೀರಾ?"

"ಹೋಗಿಮ್ಮಾ," ಎಂದೆ. "ನನ್ನನ್ನ ಅರೆಸ್ಟ್ ಮಾಡಿದಾರೆ."

ಆಕೆ ಕಿಟಕಿಯ ಸರಳು ಹಿಡಿದು ಕೋಣೆಯ ಮೂಲೆಮೂಲೆಯನ್ನೂ ನೋಡಿದರು. "ಎಲ್ಲಿ ಸಾರ್? ಯಾರೂ ಇಲ್ವಲ್ಲ!"

ನಾನೂ ತಿರುಗಿ ನೋಡಿದೆ. ಟೀವಿ, ಕ್ಯಾಲೆಂಡರ್, ಒಗೆದ ಬಟ್ಟೆಯ ರಾಶಿ. ನಿಜವಾಗಿ ಯಾರೂ ಇರಲಿಲ್ಲ. "ಏಯ್, ಯಾವಳೋ ಅವ್ಳು? ನಂಬರ್ ಹೇಳೋ ಮೊದ್ಲು!" ಎಂದು ಸಕ್ಕರೆ ಡಬ್ಬಕ್ಕೆ ಒರಗಿದ್ದ ಫೋನಿನಿಂದ ಅವನು ಕಿರುಚಿದ. ಆ ಕಚೇರಿ ಕನ್ನಡ ಎಲ್ಲಿ ಹೋಯಿತೋ. ಫೋನ್ ಆಫ್ ಮಾಡಿದೆ. ಹೋಗಿ ಚಿಲಕ ತೆಗೆದೆ.

ಆಕೆ ನನ್ನನ್ನು ಕೂರಿಸಿ, ನೀರು ಕೊಟ್ಟು, ತಮ್ಮ ಫೋನಿನಿಂದಲೇ ಬ್ಯಾಂಕಿಗೂ ಸೈಬರ್ ಸಹಾಯವಾಣಿಗೂ ಕರೆ ಮಾಡಿಸಿದರು. ಬ್ಯಾಂಕಿನವರು ಖಾತೆ ತಡೆಹಿಡಿದರು, ಓಟಿಪಿ ಹೇಳಿರಲಿಲ್ಲವಾದ್ದರಿಂದ ಹಣ ಹೋಗಿರಲಿಲ್ಲ. ಆ ಹಣದಲ್ಲೇ ನನ್ನ ಹೆಂಡತಿಯ ಮಂಡಿ ಸರಿಹೋಯಿತು. ಈಗಲೂ ಅವಳು ಮೆಟ್ಟಿಲು ಹತ್ತುವುದನ್ನು ನೋಡಿದಾಗಲೆಲ್ಲ ಪಕ್ಕದ ಮನೆಯ ಕಡೆಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆದರೆ ಆ ಸಂಜೆ ನನಗೆ ಒಂದೇ ಯೋಚನೆ: ಇದು ಹೆಂಡತಿಗೆ ಗೊತ್ತಾಗಬಾರದು. "ಅವಳಿಗೆ ಹೇಳ್ಬೇಡಿಮ್ಮಾ, ಮಾನ ಹೋಗುತ್ತೆ" ಎಂದೆ.

"ಯಾರ್ಗೂ ಹೇಳ್ಬೇಡಿ ಅಂತ ಅವ್ನೂ ತಾನೆ ಹೇಳಿದ್ದು?" ಎಂದು ಆಕೆ ನನ್ನ ಹೆಂಡತಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟೇಬಿಟ್ಟರು.

ಹೇಳಿದೆ. ಬೈಯುತ್ತಾಳೆ, ಹಣದ ವಿಷಯ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು, "ರೀ, ಅಷ್ಟ್ ಹೊತ್ತೂ ಒಬ್ರೇ ಹೆದರ್ಕೊಂಡ್ ನಿಂತಿದ್ರಾ?" ಎಂದಳು.

"ಹೂಂ ಕಣೇ," ಎಂದೆ, "ತುಂಬಾ ಹೆದರಿದ್ದೆ." ಪಕ್ಕದ ಮನೆಯಾಕೆಯ ಎದುರಿಗೇ ಅತ್ತುಬಿಟ್ಟೆ.